ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ಚಿಕಿತ್ಸೆ

ಯಾದಗಿರಿ ಜಿಲ್ಲೆಯ ಆರೋಗ್ಯ ಸಮಸ್ಯೆಗೆ ಕೊನೆಗೂ ಮದ್ದು ಸಿಕ್ಕಿದೆ. ಇದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ, ಔಷಧ ಉಗ್ರಾಣ ಬೇಡ, ಖಾಲಿ ಹುದ್ದೆ ತುಂಬುವ ತಲೆನೋವಂತೂ ಬೇಡವೇ ಬೇಡ. ಎರಡು ಅಂಗೈ ಇದ್ದರೆ ಸಾಕು. ಆ ಅಂಗೈ ವೈದ್ಯರದೇ ಆಗಿರಬೇಕೆಂಬ ಕಟ್ಟುಪಾಡೂ ಇಲ್ಲ. ರೋಗಿಯನ್ನು ಮಲಗಿಸಬೇಕು, ಮೈಯಿಂದ ನಾಲ್ಕು ಬೆರಳು ಮೇಲೆ ಅಂಗೈ ಹಿಡಿದು ನೆತ್ತಿಯಿಂದ ಪಾದದವರೆಗೆ ಗಾಳಿಯನ್ನು ನೇವರಿಸುತ್ತ ಹೋಗಬೇಕು. ಎಲ್ಲಿ ಬಿಸಿ, ಎಲ್ಲಿ ತಂಪು, ಎಲ್ಲಿ ಜುಮ್ಮೆನ್ನುತ್ತದೆ ಎಂದು ಗಮನಿಸಬೇಕು. ಕೆಟ್ಟ ಶಕ್ತಿ ಕೈಗೆ ಹತ್ತಿದರೆ ಜಾಡಿಸಿ ಒಗೆಯಬೇಕು. ಎದ್ದು ಕೂತವನಿಗೆ ಒಂದು ಲೋಟ ನೀರು ಕೊಟ್ಟು ಶುಲ್ಕ ಕೇಳಬೇಕು. ಇದರ ಹೆಸರು ಥೆರಪ್ಯೂಟಿಕ್ ಟಚ್, ಹುಟ್ಟಿದ್ದು ಅಮೆರಿಕದಲ್ಲಿ. ಜಪಾನಿನಲ್ಲಿ ಇದಕ್ಕೊಬ್ಬ ಅಣ್ಣನಿದ್ದಾನೆ, ರೇಕಿ. ಫಿಲಿಪೀನ್ಸಿನಲ್ಲೊಬ್ಬ ತಮ್ಮನಿದ್ದಾನೆ, ಪ್ರಾಣಿಕ್ ಹೀಲಿಂಗ್. ಬೆಂಗಳೂರಿನಲ್ಲಿ ಈ ಅಣ್ಣತಮ್ಮಂದಿರಿಗೆ ಮನೆ ಇದೆ. ನಮ್ಮ ಕಡೆಗೆ ಬಸ್ಸು ಹತ್ತುವುದಷ್ಟೇ ಬಾಕಿ.

ಅವರು ತಾವಾಗಿ ಬರುವ ಮೊದಲೇ ನಾವು ಕರೆಸಿಕೊಳ್ಳುವುದು ಮರ್ಯಾದೆ. ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ಪ್ರಸ್ತಾವ: ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಸೇರಿಸಿ ದೇಶದ ಮೊದಲ ‘ಸ್ಪರ್ಶರಹಿತ ಸ್ಪರ್ಶಚಿಕಿತ್ಸಾ ವಲಯ’ ಎಂದು ಘೋಷಿಸಬೇಕು. ಬೇರೆ ಜಿಲ್ಲೆಯವರು ಹೊಟ್ಟೆಕಿಚ್ಚು ಪಡಬಾರದು. ಅರ್ಹತೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾದ ಜಿಲ್ಲೆ ನಮ್ಮದು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 51.83, ರಾಜ್ಯಕ್ಕೇ ಕಟ್ಟಕಡೆ. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳಿಗೆ ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂಬ ಬಿರುದು ಹಂಚಿದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಎರಡೇ, ರಾಯಚೂರು ಮತ್ತು ನಾವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಬಂದು ಅಳೆದಾಗ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೈಮೇಲೆ ಹಿಡಿಯಲು ಮಾಂಸವೇ ಇಲ್ಲದವರಿಗೆ ಮೈ ಬಿಟ್ಟು ನಾಲ್ಕು ಬೆರಳು ಮೇಲಿನ ಚಿಕಿತ್ಸೆಯೇ ತಕ್ಕದ್ದು.

ಸಿಬ್ಬಂದಿಯ ತರಬೇತಿಗೂ ಖರ್ಚಿಲ್ಲ. ರೋಗಿಯನ್ನು ಮುಟ್ಟದೆ ರೋಗ ಕಂಡುಹಿಡಿಯುವ ಕಲೆ ನಮ್ಮಲ್ಲಿ ಎಂದೋ ಪರಿಪೂರ್ಣವಾಗಿದೆ. ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸೋಮವಾರ ಮುಂಜಾನೆ ನಿಂತು ನೋಡಿ. ಸಾಲು ಹೊರಗಿನ ಬೇವಿನ ಮರದವರೆಗೆ ಹೋಗಿರುತ್ತದೆ. ಇದ್ದೊಬ್ಬ ವೈದ್ಯರು ತಲೆ ಎತ್ತದೆ ಬರೆಯುತ್ತಿರುತ್ತಾರೆ.

“ಏನಾಗ್ಯದ?”

“ತಲಿ ಸುತ್ತತದ್ರಿ, ಕೈಕಾಲಾಗ ಜೀವ ಇಲ್ದಂಗ...”

ವಾಕ್ಯ ಮುಗಿಯುವಷ್ಟರಲ್ಲಿ ಚೀಟಿ ಹರಿದು ಕೈಗೆ ಬಂದಿರುತ್ತದೆ. ನಾಡಿ ಹಿಡಿಯಲಿಲ್ಲ, ಕಣ್ಣಿನ ರೆಪ್ಪೆ ಜಗ್ಗಿ ನೋಡಲಿಲ್ಲ, ಸ್ಟೆತಸ್ಕೋಪು ಕೊರಳಿನ ಆಭರಣವಾಗಿ ತೂಗಾಡುತ್ತಲೇ ಇತ್ತು. ವೈದ್ಯರನ್ನು ಬೈದು ಫಲವಿಲ್ಲ, ಆ ಸಾಲಿಗೆ ಅವರೊಬ್ಬರೇ. ರೋಗ ಸ್ವಲ್ಪ ದೊಡ್ಡದಾದರೆ “ಕಲಬುರಗಿಗೆ ಒಯ್ರಿ” ಎಂದು ಬರೆದುಕೊಡುತ್ತಾರೆ. ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರಿನ ಆಚೀಚೆ. ಅಮೆರಿಕದವರು ನಾಲ್ಕು ಬೆರಳು ದೂರದಿಂದ ಗುಣ ಮಾಡುತ್ತೇವೆಂದು ಬೀಗುತ್ತಾರೆ. ನಾವು ನೂರು ಕಿಲೋಮೀಟರು ದೂರದಿಂದ ಮಾಡುತ್ತಿದ್ದೇವೆ, ಪ್ರಚಾರವಿಲ್ಲ.

ಇನ್ನು ಮುಟ್ಟದಿರುವ ವಿದ್ಯೆಯಲ್ಲಿ ಊರುಗಳಿಗಿರುವ ಅನುಭವವನ್ನು ಆಸ್ಪತ್ರೆಗಳ ಅನುಭವಕ್ಕೆ ಹೋಲಿಸುವಂತೆಯೇ ಇಲ್ಲ. ನಾಲ್ಕು ಬೆರಳು ಎಂದರೆ ಎಷ್ಟು ಎತ್ತರ ಎಂದು ಅಮೆರಿಕದ ನರ್ಸುಗಳಿಗೆ ಪುಸ್ತಕ ಓದಿಸಿ ಹೇಳಿಕೊಡಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಚಿಕ್ಕ ಹುಡುಗನಿಗೂ ಅದು ಗೊತ್ತು. ಬೊಗಸೆ ಒಡ್ಡಿ ನಿಂತವನಿಗೆ ಎಷ್ಟು ಎತ್ತರದಿಂದ ನೀರು ಸುರಿಯಬೇಕು, ಚಿಲ್ಲರೆಯನ್ನು ಅಂಗೈಗೆ ತಾಗದ ಹಾಗೆ ಹೇಗೆ ಬೀಳಿಸಬೇಕು, ಹೋಟೆಲಿನ ಯಾವ ಲೋಟ ಯಾರಿಗೆ, ಇವೆಲ್ಲ ತಲೆಮಾರುಗಳ ಅಭ್ಯಾಸ. 2024ರಲ್ಲಿ ಹುಣಸಗಿ ತಾಲ್ಲೂಕಿನ ಬಪ್ಪರಗಿಯಲ್ಲಿ ದಲಿತ ಕುಟುಂಬಗಳಿಗೆ ಅಂಗಡಿಯಲ್ಲಿ ಸಾಮಾನು ಕೊಡಬೇಡಿ ಎಂದು ಬಹಿಷ್ಕಾರ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ದೂರ ಕಾಯುವುದರಲ್ಲಿ ಇಷ್ಟು ಶಿಸ್ತಿನ ಸಮಾಜಕ್ಕೆ ಎರಡು ದಿನದ ಕೋರ್ಸು ಯಾತಕ್ಕೆ? ನೇರವಾಗಿ ಮಾಸ್ಟರ್ ಪದವಿ ಕೊಟ್ಟುಬಿಡಬಹುದು. ನಾಲ್ಕು ಬೆರಳಿನ ಆ ಜಾಗದಲ್ಲಿ ಅವರು ಶಕ್ತಿ ಕಂಡರು, ನಾವು ಜಾತಿ ಕಂಡೆವು. ಎರಡೂ ಕಣ್ಣಿಗೆ ಕಾಣುವುದಿಲ್ಲ. ನಮ್ಮದು ಕೆಲಸ ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ಈ ಚಿಕಿತ್ಸೆ ಹುಟ್ಟಿದ ಕಥೆಯೂ ಮಜವಾಗಿದೆ. 1972ರ ಹೊತ್ತಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಡೊಲೊರೆಸ್ ಕ್ರೀಗರ್ ಮತ್ತು ಡೋರಾ ಕುಂಜ್ ಎಂಬ ಥಿಯಾಸಫಿಸ್ಟ್ ಸೇರಿ ಇದನ್ನು ಕಟ್ಟಿದರು. ಕುಂಜ್ ಮುಂದೆ ಅಮೆರಿಕದ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆಯಾದವರು. ರೋಗಿಯ ಮೈಯಿಂದ ಹೊರಗೂ ಹರಡಿರುವ ಆ ಶಕ್ತಿ ಏನು ಎಂದು ಕೇಳಿದಾಗ ಕ್ರೀಗರ್ ಕೊಟ್ಟ ಉತ್ತರ: ಪ್ರಾಣ. ನಮ್ಮದೇ ಪ್ರಾಣ! ಥಿಯಾಸಫಿಕಲ್ ಸೊಸೈಟಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಮದ್ರಾಸಿನ ಅಡ್ಯಾರಿಗೆ ಬಂದು ಕೂತಿತು; ಇಲ್ಲಿಂದ ಪ್ರಾಣ, ಚಕ್ರ, ಪ್ರಭಾವಳಿಗಳನ್ನು ಗಂಟು ಕಟ್ಟಿ ವಾಪಸ್ ಕಳಿಸಿತು; ಅಲ್ಲಿ ಅದಕ್ಕೆ ಬಿಳಿ ಕೋಟು ತೊಡಿಸಿ ಆಸ್ಪತ್ರೆಗೆ ಸೇರಿಸಿದರು. 1994ರ ಹೊತ್ತಿಗೆ ಅಮೆರಿಕದ ನರ್ಸಿಂಗ್ ರೋಗನಿರ್ಣಯಗಳ ಪಟ್ಟಿಯಲ್ಲಿ ‘ಶಕ್ತಿಕ್ಷೇತ್ರದ ಏರುಪೇರು’ ಎಂಬುದೂ ಒಂದು ಕಾಯಿಲೆಯಾಗಿ ಕೂತಿತ್ತು. ಈಗ ನಮ್ಮ ಹುಡುಗಿಯರು ಓದುವ ದಪ್ಪ ನರ್ಸಿಂಗ್ ಪುಸ್ತಕಗಳಲ್ಲಿ ಪರ್ಯಾಯ ಚಿಕಿತ್ಸೆಯ ಅಧ್ಯಾಯಕ್ಕೆ ಬಂದರೆ ಅದೇ ಪ್ರಾಣ ಇಂಗ್ಲಿಷ್ ಮಾತಾಡುತ್ತ ಎದುರಾಗುತ್ತದೆ. ಮನೆಯ ಮಗ ಫಾರಿನ್ನಿಗೆ ಹೋಗಿ ಬಂದಾಗ ಹೆತ್ತವಳೇ ‘ಸರ್’ ಎನ್ನುವ ಹಾಗೆ ನಾವೂ ಎದ್ದು ನಿಂತು ಕೈಮುಗಿಯುತ್ತೇವೆ.

ಶಹಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಇಂಥದೊಂದು ಶಿಬಿರ ನಡೆದರೆ ಹೇಗಿರುತ್ತದೆ ಎಂದು ನಾನು ಬಹಳ ಸಲ ಕಲ್ಪಿಸಿಕೊಂಡಿದ್ದೇನೆ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧ, ಎದೆಯಿಂದ ಕಾಮನಬಿಲ್ಲು ಹೊರಡುತ್ತಿದೆ. (ಮಲಗಿದ ಬುದ್ಧನಂತೆ ಕಾಣುವ ಗುಡ್ಡವೊಂದು ಶಹಾಪುರದಲ್ಲಿದೆ; ಆ ಬುದ್ಧ ಇದನ್ನೆಲ್ಲ ನೋಡಲಾರದೆ ಮಲಗಿಬಿಟ್ಟಿದ್ದಾನೆ.) ಪ್ರೊಜೆಕ್ಟರಿನಲ್ಲಿ ಏಳು ಚಕ್ರ. ಬೆಂಗಳೂರಿನಿಂದ ಬಂದ ತರುಣ ತರಬೇತುದಾರ, ಕೊರಳಲ್ಲಿ ಮೈಕು, ಪಕ್ಕದ ಸ್ಟೂಲಿನ ಮೇಲೆ ಬಟ್ಟಲಲ್ಲಿ ಉಪ್ಪುನೀರು. ರೋಗಿಯಿಂದ ತೆಗೆದ ಹೊಲಸು ಶಕ್ತಿಯನ್ನು ಅದರೊಳಕ್ಕೆ ಒಗೆಯಬೇಕಂತೆ. ಪ್ರಾಣಿಕ್ ಹೀಲಿಂಗಿನಲ್ಲಿ ನಿಜವಾಗಿಯೂ ಹಾಗೇ ಮಾಡುತ್ತಾರೆ. ಮಾದರಿ ರೋಗಿಯಾಗಿ ಮುಂದಿನ ಸಾಲಿನ ಮುದುಕಿಯೊಬ್ಬಳನ್ನು ಕೂರಿಸುತ್ತಾನೆ. ಹತ್ತು ನಿಮಿಷ ಗಾಳಿ ನೇವರಿಸುತ್ತಾನೆ.

“ಅಜ್ಜಿ, ಈಗ ಹಗುರ ಅನ್ನಿಸ್ತಿದೆಯಾ?”

“ಹಗುರ ಆಗ್ಯದ ನೋಡಪ. ಮುಂಜಾನಿಂದ ಕೂಳ ಕಂಡಿಲ್ಲ.”

“ಅದು ನಿಮ್ಮ ಆರಾ ಕ್ಲೀನ್ ಆಗಿದ್ದು.”

“ನಮ್ಮತ್ತಿ ಉಪ್ಪು, ಮೆಣಸಿನಕಾಯಿ ಇಳಿಸಿ ಒಲಿಯಾಗ ಒಗೀತಿದ್ಲು. ಚಟಪಟ ಅಂತಿತ್ತು. ನಿಂದು ಸಪ್ಪಳನ ಇಲ್ಲಲ್ಲೋ ತಮ್ಮ.”

ಮುದುಕಿ ಮುಟ್ಟಿದ್ದು ಮರ್ಮಕ್ಕೆ. ಕೂಸು ಅಳು ನಿಲ್ಲಿಸದಿದ್ದರೆ ದಿಷ್ಟಿ ತೆಗೆಯುವುದು ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದೆ. ಗಾಳಿ ಸೋಕಿದೆ ಎಂದರೆ ಬೇವಿನ ಸೊಪ್ಪು, ದರ್ಗಾದಲ್ಲಾದರೆ ನವಿಲುಗರಿಯ ಕಟ್ಟು ಮತ್ತು ಲೋಬಾನದ ಹೊಗೆ. ಮೇಲಿನಿಂದ ಕೆಳಕ್ಕೆ ಸವರುವುದು, ಕೊನೆಗೆ ಜಾಡಿಸುವುದು, ಅದೇ ಉಪ್ಪು, ಅದೇ ನೀರು. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹಿಂದೂ ಮುಸ್ಲಿಂ ಇಬ್ಬರೂ ಹೋಗುವ ಸೀಮೆ ಇದು. ಭಯ, ಹರಕೆ, ತಾಯಿತಗಳಲ್ಲೂ ನಾವು ಭೇದ ಮಾಡಿದವರಲ್ಲ. ಹಳೆಯ ಪದ್ಧತಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಎರಡೇ. ನವಿಲುಗರಿಯವನಿಗೆ ಕೈಗೆ ಬಂದಷ್ಟು ಕೊಟ್ಟರೆ ನಡೆಯುತ್ತದೆ, ಇವನಿಗೆ ಮುಂಗಡ ನೋಂದಣಿ. ಅವನನ್ನು ಮೂಢ ಎನ್ನುತ್ತೇವೆ, ಇವನನ್ನು ಹೀಲರ್ ಎನ್ನುತ್ತೇವೆ. ಉಪ್ಪು ಇಳಿಸಿದ ಅತ್ತೆ ಮೊದಲ ಹಂತ, ಎರಡನೇ ಹಂತ ಎಂದು ಸರ್ಟಿಫಿಕೇಟು ಮಾರಲಿಲ್ಲ. ಸೊಸೆಗೆ ಜ್ವರ ಬಿಡದಿದ್ದರೆ ಮೂರನೇ ದಿನ ‘ಡಾಕ್ಟರ್ ಕಡಿ ಹೋಗ್ರಿ’ ಎಂದೂ ಅವಳೇ ಹೇಳುತ್ತಿದ್ದಳು. ಈ ವಿವೇಕ ಪವರ್‌ಪಾಯಿಂಟಿನಲ್ಲಿ ಬರುವುದಿಲ್ಲ.

ಶಕ್ತಿಯ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಶಹಾಪುರ ತಾಲ್ಲೂಕಿನ ಗೋಗಿ ಗೊತ್ತಲ್ಲ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳು ಇರುವ ಊರು. ಅದರ ನೆಲದಡಿ ಯುರೇನಿಯಂ ಇದೆ. ಅಣುಶಕ್ತಿ ಇಲಾಖೆಯವರು ಅದನ್ನು ಹುಡುಕಿ ತೆಗೆಯಲು ಯಂತ್ರ ತಂದರು, ನೆಲ ಕೊರೆದರು, ಮಣ್ಣು ಪ್ರಯೋಗಾಲಯಕ್ಕೆ ಒಯ್ದರು. ಊರಿನವರು ಕುಡಿಯುವ ನೀರಿನ ಗತಿಯೇನು ಎಂದು ಕೇಳುತ್ತ ಕೂತರು. ಸುತ್ತಮುತ್ತ ಹತ್ತಡಿ ದೂರದ ಶಕ್ತಿಯನ್ನು ಅಂಗೈಯಲ್ಲೇ ಅಳೆಯುವ ಹೀಲರುಗಳು ದೇಶದ ತುಂಬ ಇರುವಾಗ ಇಲಾಖೆ ಒಬ್ಬರನ್ನೂ ಕೂಲಿಗೆ ಕರೆಯಲಿಲ್ಲ. ಅವರೂ ‘ನಾವು ಬರುತ್ತೇವೆ’ ಎನ್ನಲಿಲ್ಲ. ಗೈಗರ್ ಕೌಂಟರು ಕೊಡುವ ವಿಕಿರಣದ ಲೆಕ್ಕಕ್ಕೂ ಇವರ ಅಂಗೈಯ ಲೆಕ್ಕಕ್ಕೂ ತಾಳೆ ನೋಡುವ ಅವಕಾಶ ತಪ್ಪಿಹೋಯಿತು.

ಸರ್ಕಾರ ಇಂಥದ್ದನ್ನು ಒಪ್ಪುವುದೇ ಎಂದು ಅನುಮಾನ ಪಡುವವರಿಗೆ ಒಂದು ಹಳೆಯ ಕಡತ ತೋರಿಸುತ್ತೇನೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿ ಕೂತು ಎಳೆಯ ರಾಜನ ಪರವಾಗಿ ಸಂಸ್ಥಾನದ ಲೆಕ್ಕಪತ್ರ ತಿದ್ದುತ್ತಿದ್ದ ಕಾಲಕ್ಕೇ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಕಂಪನಿ ಸರ್ಜನ್ ರೋಗಿಗಳ ಮೈಮೇಲೆ ಗಂಟೆಗಟ್ಟಲೆ ಕೈಯಾಡಿಸಿ ಮಂಪರು ಬರಿಸಿ ಗಡ್ಡೆ ಕೊಯ್ಯುತ್ತಿದ್ದ. ಸ್ವತಃ ಕೈಯಾಡಿಸುವಷ್ಟು ಪುರುಸೊತ್ತು ಸಾಹೇಬರಿಗೆಲ್ಲಿ, ಅದಕ್ಕೆ ದೇಶೀ ಸಹಾಯಕರಿದ್ದರು. ಮರುವರ್ಷ ಸರ್ಕಾರ ಕಲ್ಕತ್ತೆಯಲ್ಲಿ ಒಂದು ಸಣ್ಣ ಆಸ್ಪತ್ರೆಯನ್ನೇ ಈ ಪ್ರಯೋಗಕ್ಕೆ ಬಿಟ್ಟುಕೊಟ್ಟಿತು. ಮಂಪರು ಕೆಲವರಿಗೆ ಬರುತ್ತಿತ್ತು ಎಂಬುದು ಸುಳ್ಳಲ್ಲ. ಅದಕ್ಕೆ ಕಾರಣ ಕೈಯಿಂದ ಹರಿಯುವ ಕಾಂತಶಕ್ತಿ ಎಂಬುದು ಸುಳ್ಳು. ಪ್ಯಾರಿಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಾವೋಸಿಯೇ ಮುಂತಾದವರ ಆಯೋಗ 1784ರಲ್ಲೇ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿ, ಶಕ್ತಿ ಹಾಯಿಸಿದ್ದಾರೆಂದು ನಂಬಿದರೆ ಸಾಕು, ಹಾಯಿಸದಿದ್ದರೂ ಜನ ನಡುಗುತ್ತಾರೆ; ಹಾಯಿಸಿದ್ದು ಗೊತ್ತಾಗದಿದ್ದರೆ ಸುಮ್ಮನಿರುತ್ತಾರೆ ಎಂದು ವರದಿ ಕೊಟ್ಟಿತ್ತು. 1847ರಲ್ಲಿ ಎಡಿನ್‌ಬರೋದಿಂದ ಕ್ಲೋರೋಫಾರ್ಮ್ ಬಂತು. ಕಾಂತಶಕ್ತಿ ಆಸ್ಪತ್ರೆ ಖಾಲಿ ಮಾಡಿಕೊಂಡು ಹೋಯಿತು.

ಹೋದದ್ದು ಮತ್ತೆ ಬರುತ್ತದೆ, ಅದೇ ಅದರ ಸ್ವಭಾವ. ಆದರೆ ಪ್ಯಾರಿಸಿನ ವರದಿಯ ಇನ್ನೂರು ವರ್ಷದ ಬಳಿಕ ಅದನ್ನು ಕೂರಿಸಿ ಕೇಳಲು ಆಯೋಗವೂ ಬೇಕಾಗಲಿಲ್ಲ. ಕೊಲೊರಾಡೊದ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಪ್ರಯೋಗ ಹೂಡಿದಳು. ನಡುವೆ ರಟ್ಟಿನ ಪರದೆ, ಅದಕ್ಕೆರಡು ತೂತು. ಸ್ಪರ್ಶಚಿಕಿತ್ಸಕರು ಎರಡೂ ಕೈಯನ್ನು ತೂತಿನಿಂದ ಈಚೆ ಹಾಕಿ ಅಂಗೈ ಮೇಲೆ ಮಾಡಿ ಇಡಬೇಕು. ಹುಡುಗಿ ನಾಣ್ಯ ಚಿಮ್ಮಿ, ಎಡವೋ ಬಲವೋ ಬಂದದ್ದಕ್ಕೆ ತಕ್ಕಂತೆ ಒಂದು ಅಂಗೈಯ ಮೇಲೆ, ತಾಗದ ಹಾಗೆ, ತನ್ನ ಕೈ ಹಿಡಿಯುತ್ತಾಳೆ. ಯಾವ ಕೈಯ ಹತ್ತಿರ ಎಂದು ಇವರು ಹೇಳಬೇಕು. ಕಾಯಿಲೆ ಗುಣಪಡಿಸಿ ಎಂದು ಅವಳು ಕೇಳಲಿಲ್ಲ, ಕ್ಯಾನ್ಸರ್ ಕರಗಿಸಿ ಎನ್ನಲಿಲ್ಲ. ನಿಮಗೆ ತಿಳಿಯುತ್ತದಲ್ಲ ಶಕ್ತಿ, ನನ್ನ ಕೈ ಎಲ್ಲಿದೆ ಹೇಳಿ, ಅಷ್ಟೇ. 21 ಮಂದಿ ಚಿಕಿತ್ಸಕರು ಕೂತರು. 280 ಸಲ ಕೇಳಿದ್ದಕ್ಕೆ 123 ಸಲ ಸರಿ ಹೇಳಿದರು, ಶೇ 44. ಸುಮ್ಮನೆ ಊಹಿಸಿದ್ದರೆ ಅರ್ಧ ಸರಿಯಾಗುತ್ತಿತ್ತು. 1998ರ ಏಪ್ರಿಲ್ 1ರಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆ ಇದನ್ನು ಪ್ರಕಟಿಸಿತು. ತಾರೀಖು ನೋಡಿ ನಗಬೇಡಿ, ಪ್ರಬಂಧ ಅಸಲಿಯೇ.

ನಮ್ಮಲ್ಲೂ ಹುಡುಗನೊಬ್ಬ ಇಂಥ ಕಥೆಯ ನಡುವೆ ಬಂದದ್ದುಂಟು, ಮೇಜಿನ ಎದುರು ಬದಿಯಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪಾಂಡವಪುರದಲ್ಲಿ ಮೈಯಿಂದ ವಿಭೂತಿ ಉದುರಿಸುತ್ತಿದ್ದ ಬಾಲಕನನ್ನು ಸಮಿತಿ ನೋಡಿ ಬಂತು. ವಿಭೂತಿ ಇದ್ದದ್ದು ಅಂಗಿಯೊಳಗೆ. ಅಲ್ಲಿ ಮಗು ಪರೀಕ್ಷೆ ಮಾಡಿತು, ದೊಡ್ಡವರು ಫೇಲಾದರು. ಇಲ್ಲಿ ದೊಡ್ಡವರು ಮಗುವನ್ನು ದೇವರು ಮಾಡಿ ಕೂರಿಸಿದರು, ಪರೀಕ್ಷೆ ಮಾಡಲು ಹೋದ ಕುಲಪತಿಗಳನ್ನು ಬೈದರು.

ಕಾನೂನು ಇಲ್ಲವೇ ಎಂದರೆ ಧಾರಾಳವಾಗಿದೆ. ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿ ಎಂದು ಜಾಹೀರಾತು ಕೊಡಬಾರದೆಂದು 1954ರಿಂದ ಕೇಂದ್ರದ ಕಾಯ್ದೆ ಇದೆ. ರಾಜ್ಯದ ಮೌಢ್ಯ ನಿಷೇಧ ಕಾಯ್ದೆ 2017ರಲ್ಲಿ ಬಂದು 2020ರಲ್ಲಿ ಜಾರಿಯಾಯಿತು. ನಮ್ಮ ಭಾಗದ ಬಾನಾಮತಿ ಅದಕ್ಕೆ ಚೆನ್ನಾಗಿ ಗೊತ್ತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುತ್ತ ಕೂರುವವರೂ ಗೊತ್ತು. ಆದರೆ ಇಸ್ತ್ರಿ ಅಂಗಿ ಹಾಕಿ, ಲ್ಯಾಪ್‌ಟಾಪು ತೆರೆದು, ‘ಕ್ವಾಂಟಮ್’ ಎಂದು ಮಾತು ಶುರುಮಾಡುವವನನ್ನು ಹಿಡಿಯಲು ಯಾವ ಪೊಲೀಸಪ್ಪ ಹೋಗುತ್ತಾನೆ? ಹೋದರೂ ಸಲ್ಯೂಟ್ ಹೊಡೆದು, ತನ್ನ ಸೊಂಟನೋವಿಗೊಂದು ಸೆಶನ್ ಕೇಳಿ ಬರುತ್ತಾನೆ. ಬೇವಿನ ಸೊಪ್ಪಿನ ಮುದುಕಪ್ಪನ ಮೇಲೆ ಮಾತ್ರ ಕೇಸು ಸಲೀಸು.

ಇಷ್ಟು ಹೊತ್ತಿಗೆ ಸಭ್ಯರೊಬ್ಬರು ಕೈ ಎತ್ತಿರುತ್ತಾರೆ. ಹೋಗಲಿ ಬಿಡಿ ಸರ್, ಮನಸ್ಸಿಗೆ ಸಮಾಧಾನ ಸಿಗುತ್ತಲ್ಲ, ಅಪಾಯವೇನು? ಸಮಾಧಾನ ಸಿಗುತ್ತದೆ, ಒಪ್ಪಿದೆ. ಅರ್ಧ ಗಂಟೆ ಫ್ಯಾನಿನ ಕೆಳಗೆ ಮಲಗಿ, ಒಬ್ಬ ಮನುಷ್ಯ ನಿಮ್ಮೊಬ್ಬರನ್ನೇ ಗಮನಿಸುತ್ತಿದ್ದರೆ ಯಾರಿಗೆ ಹಿತವಾಗದು? ಶಹಾಪುರದ ಭತ್ತದ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಿದ ಹೆಂಗಸಿಗೆ ಅರ್ಧ ಗಂಟೆ ಮಲಗಲು ಸಿಕ್ಕಿದ್ದೇ ದೊಡ್ಡ ಚಿಕಿತ್ಸೆ. ಅಪಾಯ ಎದ್ದು ಹೋದಮೇಲೆ. ಅವಳ ತಲೆ ಸುತ್ತುವುದಕ್ಕೆ ಕಾರಣ ಮೂಲಾಧಾರ ಚಕ್ರದ ನಿಧಾನಗತಿ ಅಲ್ಲ. ಅವಳಿಗೆ ‘ರಕ್ತ ಕಮ್ಮಿ’. ಊಟದಲ್ಲಿ ಕಬ್ಬಿಣದ ಅಂಶವಿಲ್ಲ, ಹೊಟ್ಟೆಯಲ್ಲಿ ಹುಳ, ಮೇಲಿಂದ ಮೇಲೆ ಹೆರಿಗೆ. ಬಸುರಿಯರಿಗೆಂದು ಸರ್ಕಾರ ಕೊಡುವ ಕೆಂಪು ಗುಳಿಗೆಯ ಪಟ್ಟಿ ಅವಳ ಮನೆಯ ಗೂಡಿನಲ್ಲಿ ಅರ್ಧ ಹಾಗೇ ಇರುತ್ತದೆ. ನುಂಗಿದರೆ ಎದೆ ಉರಿಯುತ್ತದೆ, ಮಲ ಕಪ್ಪಾಗುತ್ತದೆ, ಹೆದರಿ ಬಿಟ್ಟಿದ್ದಾಳೆ. ಕಪ್ಪಾಗುವುದು ಸಹಜ, ಉಂಡ ಮೇಲೆ ನುಂಗು, ಚಹಾದ ಜೊತೆ ಬೇಡ ಎಂದು ಪಕ್ಕದಲ್ಲಿ ಕೂತು ಐದು ನಿಮಿಷ ಹೇಳುವವರು ಬೇಕು. ಆ ಐದು ನಿಮಿಷ ನಮ್ಮ ವ್ಯವಸ್ಥೆಯಲ್ಲಿ ಖಾಲಿ ಬಿದ್ದಿದೆ. ಆ ಖಾಲಿ ಜಾಗಕ್ಕೇ ಹೀಲರ್ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವನಿಗೆ ಬೇರೇನೂ ತಿಳಿಯದಿರಬಹುದು, ಎಲ್ಲಿ ಜಾಗ ಖಾಲಿ ಇದೆ ಎಂಬುದು ಮಾತ್ರ ಅಂಗೈಯಲ್ಲಿ ಹಿಡಿದ ಹಾಗೆ ತಿಳಿಯುತ್ತದೆ.

ಗುಳೆ ಹೋದವರಿಗೆ ದೂರಚಿಕಿತ್ಸೆಯ ಸೌಲಭ್ಯವೂ ಉಂಟು. ಗಂಡ ಬೆಂಗಳೂರಿನ ಕಟ್ಟಡದ ಎಂಟನೇ ಮಹಡಿಯಲ್ಲಿ, ಅವನ ಫೋಟೊ ವಾಟ್ಸ್‌ಆ್ಯಪಿನಲ್ಲಿ, ಹಣ ಫೋನ್‌ಪೇಯಲ್ಲಿ. ಕಾಯಿಲೆ ಒಂದೇ ತನ್ನ ಜಾಗದಲ್ಲಿ.

ಕೈಗೆ ಶಕ್ತಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ಒಳ್ಳೆಯ ಡಾಕ್ಟರನ್ನು ‘ಕೈಗುಣ ಚೊಲೋ ಅದ’ ಎಂದು ಹುಡುಕಿಕೊಂಡು ಹೋಗುತ್ತಾರೆ. ಹೊಟ್ಟೆ ಒತ್ತಿ ನೋಡಿ, ಬೆನ್ನ ಮೇಲೆ ಕೈಯಿಟ್ಟು ‘ಏನಾಗಲ್ಲ’ ಎಂದವರನ್ನು ಮರೆಯುವುದಿಲ್ಲ. ಮುಟ್ಟಿ ಉಳಿಸಿದ್ದಕ್ಕೆ ಲೆಕ್ಕವೂ ಇದೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಒಂದು ಆಸ್ಪತ್ರೆಯ ವೈದ್ಯರು ತೂಕ ಕಡಿಮೆಯಿರುವ ಕೂಸುಗಳನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ, ಕಟ್ಟಿ ಮಲಗಿಸಿದರು. ಅದೇ ಕಾಂಗರೂ ತಾಯಿ ಆರೈಕೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದ ಕೂಸುಗಳಲ್ಲಿ ಸಾವು ಶೇ 25ರಷ್ಟು ಕಡಿಮೆಯಾಯಿತು. ಉಳಿದವರಿಗಿಂತ ಈ ಗುಂಪಿನಲ್ಲಿ ಮಕ್ಕಳು ಹೆಚ್ಚು ಬದುಕುತ್ತಿರುವುದು ಕಂಡು, ಇನ್ನು ಯಾರಿಗೂ ತಪ್ಪಿಸುವುದು ಸರಿಯಲ್ಲವೆಂದು ಪ್ರಯೋಗವನ್ನೇ ಅವಧಿಗೆ ಮೊದಲು ನಿಲ್ಲಿಸಿದರು. ಸರ್ಕಾರಿ ವ್ಯವಸ್ಥೆಯಲ್ಲಿ ಇದನ್ನು ಜಿಲ್ಲೆಯ ಮಟ್ಟದಲ್ಲಿ ಹೇಗೆ ತರಬಹುದೆಂದು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ರಾಜ್ಯ ಸರ್ಕಾರದ ಜೊತೆ ಸೇರಿ ಮಾಡಿ ನೋಡಿದ್ದು ಎಲ್ಲಿ ಗೊತ್ತೆ? ಸ್ವಿಟ್ಜರ್ಲೆಂಡಿನಲ್ಲಿ ಅಲ್ಲ, ನಮ್ಮ ಕೊಪ್ಪಳದಲ್ಲಿ. ರಾಯಚೂರು ದಾಟಿದರೆ ಕೊಪ್ಪಳ. ಅಲ್ಲಿ ಯಾರ ಪ್ರಭಾವಳಿಯನ್ನೂ ತೊಳೆಯಲಿಲ್ಲ, ನರ್ಸುಗಳು ಬಾಣಂತಿಯ ರವಿಕೆ ಗುಂಡಿ ಬಿಚ್ಚಿ ಕೂಸನ್ನು ಒಳಗಿಟ್ಟು ಸೀರೆ ಸುತ್ತಿದರು. ಇಡೀ ದಿನ ಹಾಗಿರಲು ಅತ್ತೆಯನ್ನು ಒಪ್ಪಿಸಿದರು, ಮನೆಗೆ ಹೋದಮೇಲೆ ಆಶಾ ಕಾರ್ಯಕರ್ತೆ ಬಂದು ವಿಚಾರಿಸಿದಳು. ಮಧ್ಯೆ ನಾಲ್ಕು ಬೆರಳು ಅಂತರ ಬಿಟ್ಟಿದ್ದರೆ ಆ ಕೂಸು ತಣ್ಣಗಾಗುತ್ತಿತ್ತು.

ಆದರೆ ಇದರಲ್ಲಿ ಕೋರ್ಸಿಲ್ಲ, ಮಾಸ್ಟರ್ ಹಂತವಿಲ್ಲ, ಫ್ಲೆಕ್ಸಿನಲ್ಲಿ ಹಾಕಲು ಕಾಮನಬಿಲ್ಲಿಲ್ಲ. ಹೀಗಾಗಿ ನನ್ನ ಪ್ರಸ್ತಾವವೇ ಗೆಲ್ಲುವ ಸಾಧ್ಯತೆ ಹೆಚ್ಚು. ಗೆದ್ದರೆ ಒಂದು ತಿದ್ದುಪಡಿ ಮಾತ್ರ ಬೇಕು: ಈ ವಲಯದಲ್ಲಿ ಮಂತ್ರಿಗಳು, ಶಾಸಕರು, ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳು ತಮ್ಮ ಎದೆನೋವಿಗೂ ಇದೇ ಚಿಕಿತ್ಸೆ ಪಡೆಯತಕ್ಕದ್ದು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೆಲಿಕಾಪ್ಟರ್ ಹತ್ತುವ ಹಾಗಿಲ್ಲ. ಇದೊಂದು ಸಾಲು ಸೇರಿಸಿ ನೋಡಿ, ಕಡತ ಅಲ್ಲೇ ಸಮಾಧಿ ಸ್ಥಿತಿಗೆ ಹೋಗುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಗದ್ದೆಯಲ್ಲಿ ಹಾವು ಕಚ್ಚಿದರೆ ಯಾರ ಅಂಗೈಯನ್ನೂ ಕಾಯಬೇಡಿ, 108ಕ್ಕೆ ಫೋನು ಮಾಡಿ. ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ವಿಷಕ್ಕೆ ಮದ್ದು ಇರುವುದು ಸೀಸೆಯಲ್ಲಿ. ಹೀಲರ್ ಊರಿಗೆ ಬಂದರೆ ಓಡಿಸಬೇಡಿ, ಚಹಾ ಕೊಡಿ. ಒಂದು ರಟ್ಟಿನ ಡಬ್ಬಿ ಕೊಯ್ದು ಎರಡು ತೂತು ಮಾಡಿ, ಐದನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಈಚೆ ಕೂರಿಸಿ, ಕೈಗೊಂದು ರೂಪಾಯಿ ನಾಣ್ಯ ಕೊಡಿ. ಹತ್ತಕ್ಕೆ ಎಂಟು ಸರಿ ಹೇಳಿದರೆ ಕೇಳಿದಷ್ಟು ಶುಲ್ಕ ಕೊಡುವ ಮಾತಾಡಬಹುದು. ತಪ್ಪಿದರೆ ಆ ದುಡ್ಡಿಗೆ ಮೊಟ್ಟೆ, ಶೇಂಗಾ, ಬೆಲ್ಲ ತಂದು ಮನೆಯ ಹೆಂಗಸರಿಗೆ ಕೊಡಿ. ಅವರ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನ ಒಂದು ಹನಿ ರಕ್ತ ಸಾಕು. ಅದಕ್ಕೆ ಮಾತ್ರ ಮುಟ್ಟಲೇಬೇಕು.